ಗಂಟು ನುಂಗಿದ ಒಂದು ಮೊಳ

ಬೆಳಗಿನ ಐದೂವರೆ. ಶಾಲೆಯ ಮೈದಾನದಲ್ಲಿ ಇಬ್ಬನಿ ಇನ್ನೂ ಆರಿಲ್ಲ. ಅರವತ್ತರ ಹತ್ತಿರದ ಹೆಂಗಸೊಬ್ಬರು ಮೊಣಕಾಲೂರಿ ಕುಳಿತು, ನೆಲದಲ್ಲಿ ಹೂತ ಕಬ್ಬಿಣದ ಗೂಟಕ್ಕೆ ಉಕ್ಕಿನ ಟೇಪಿನ ಕೊಕ್ಕೆ ಸಿಕ್ಕಿಸುತ್ತಿದ್ದಾರೆ. ಟೇಪಿನ ಇನ್ನೊಂದು ತುದಿ ಹಿಡಿದು ಹಿಂದೆ ಹಿಂದೆ ಸರಿಯುತ್ತಿರುವವಳು ಇಪ್ಪತ್ತರ ಆಸುಪಾಸಿನ ಹುಡುಗಿ. ಔಷಧಿ ಅಂಗಡಿಯ ನೀಲಿ ಮೇಲಂಗಿ ತೊಟ್ಟುಕೊಂಡೇ ಬಂದಿದ್ದಾಳೆ, ಇಲ್ಲಿಂದ ನೇರ ಕೆಲಸಕ್ಕೆ ಹೋಗಬೇಕು. ಟೇಪು ಬಿಗಿಯಾಗುತ್ತದೆ. ಹುಡುಗಿ ಬಗ್ಗಿ ಅಂಕಿ ನೋಡುತ್ತಾಳೆ.

"ಹತ್ತೊಂಬತ್ತು ಮೀಟರ್, ಹತ್ತು."

"ಹತ್ತೊಂಬತ್ತು, ಹತ್ತು," ಎಂದು ಹೆಂಗಸು ತಿರುಗಿ ಹೇಳುತ್ತಾರೆ.

ಹುಡುಗಿ ಅಲ್ಲೊಂದು ಮೊಳೆ ಊರುತ್ತಾಳೆ. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದು ಮತ್ತೆ ಟೇಪು ಎಳೆಯುತ್ತಾಳೆ, ಮತ್ತೆ ಅದೇ ಅಂಕಿ. ಹೀಗೆ ಮೈದಾನದ ಎರಡೂ ತಿರುವುಗಳು ಮುಗಿಯುವಷ್ಟರಲ್ಲಿ ಅರ್ಧ ಗಂಟೆ ಕಳೆಯುತ್ತದೆ. ಪ್ರತಿ ಸೋಮವಾರ ಇಬ್ಬರ ನಡುವೆ ನಡೆಯುವ ಮಾತುಕತೆ ಇಷ್ಟೇ. ಇದರಾಚೆ ಏಳು ತಿಂಗಳಿಂದ ಹುಡುಗಿಯ ತುಟಿ ಪಿಟಕ್ ಎಂದಿಲ್ಲ.

ಮೊಳೆಗಳ ಗುರುತು ಹಿಡಿದು ಹೆಂಗಸು ಸುಣ್ಣದ ಡಬ್ಬಿ ಅಲ್ಲಾಡಿಸುತ್ತಾ ಹೊರಡುತ್ತಾರೆ. ತಳಕ್ಕೆ ಮೊಳೆಯಿಂದ ತೂತು ಹೊಡೆದ ಹಳೆಯ ಡಬ್ಬಿ ಅದು. ಸೊಂಟ ಬಗ್ಗಿಸಿದರೆ ಸುತ್ತು ಮುಗಿಯುವ ತನಕ ಎತ್ತುವಂತಿಲ್ಲ. ಎತ್ತಿದರೆ ಕೈ ಅಲುಗುತ್ತದೆ, ಗೆರೆ ಹಾವಾಗುತ್ತದೆ. ಇನ್ನೂರು ಮೀಟರಿನ ಸುತ್ತು, ಆರು ಓಟದ ಪಟ್ಟಿ, ವಾರಕ್ಕೆ ಮೂರು ಸಲ. ಜೊತೆಗೆ ಹದಿನಾಲ್ಕು ಬೀಗ, ಒಂಬತ್ತು ನಲ್ಲಿ, ಒಂದು ಪಂಪು, ಉದ್ದ ಜಿಗಿತದ ಮರಳಿನ ಗುಂಡಿ. ಬೆಕ್ಕುಗಳು ಆ ಗುಂಡಿಯನ್ನು ತಮ್ಮದೆಂದೇ ತಿಳಿದಿರುವುದರಿಂದ ಅದನ್ನು ದಿನಾ ಜರಡಿ ಹಿಡಿಯಬೇಕು. ಇಪ್ಪತ್ತೇಳು ವರ್ಷಗಳಿಂದ ಇದೇ ಕೆಲಸ. ಮಕ್ಕಳು ಇವರನ್ನು ಗೆರೆಯಮ್ಮ ಎನ್ನುತ್ತಾರೆ. ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿದೆ, ಆದರೆ ಆ ಹೆಸರಿಟ್ಟು ಕೂಗಿದರೆ ಶಾಲೆಯಲ್ಲಿ ಯಾರೂ ತಿರುಗಿ ನೋಡುವುದಿಲ್ಲ, ಗೆರೆಯಮ್ಮನೂ ನೋಡುವುದಿಲ್ಲ.

ಈ ಬರಹಕ್ಕೆ ಅವರು ಒಪ್ಪಿದ್ದು ಒಂದು ಷರತ್ತಿನ ಮೇಲೆ. "ಒಳ್ಳೇದು ಮಾತ್ರ ಬರೆಯೋದಾದ್ರೆ ಬೇಡ. ನಾನು ಮಾಡಿದ್ದನ್ನೂ ಬರೀಬೇಕು. ಆಗ ಬೇಕಾದ್ರೆ ಫೋಟೋ ತೆಗೀರಿ."

ಒಳ್ಳೆಯದು ಮೊದಲು. ಈ ಶಾಲೆಯ ಮುಂಬಾಗಿಲಲ್ಲಿ ಒಂದು ಹಲಗೆಯಿದೆ. ಇಲ್ಲಿಂದ ಸೈನಿಕ ಅಕಾಡೆಮಿಗೆ ಆಯ್ಕೆಯಾದ ವಿದ್ಯಾರ್ಥಿಗಳ ಹೆಸರುಗಳು ಅದರ ಮೇಲಿವೆ, ಪಕ್ಕದಲ್ಲಿ ಮುಖ್ಯೋಪಾಧ್ಯಾಯರ ನಗುಮುಖ. ಅಕಾಡೆಮಿಯ ಬಾಗಿಲು ತಟ್ಟಲು ಹೈಸ್ಕೂಲಿನ ಕೊನೆಯ ಎರಡು ವರ್ಷ ಮೈಮುರಿದು ತಯಾರಾಗಬೇಕು. ಬರವಣಿಗೆಯ ಪರೀಕ್ಷೆ ಒಂದು, ಕಣ್ಣು ಕಿವಿ ಹಲ್ಲಿನ ತಪಾಸಣೆ ಇನ್ನೊಂದು, ಐದು ಜನ ಅಧಿಕಾರಿಗಳ ಎದುರು ಒಂಟಿ ಕುರ್ಚಿಯಲ್ಲಿ ಕೂರುವ ಸಂದರ್ಶನ ಮತ್ತೊಂದು. ಇವೆಲ್ಲಕ್ಕೂ ಮೊದಲು ಮೈದಾನದ ಪರೀಕ್ಷೆ. ಸಾವಿರದ ಆರುನೂರು ಮೀಟರ್ ಓಡಬೇಕು, ಹುಡುಗಿಯರಿಗೆ ಏಳು ನಿಮಿಷ. ಏಳು ನಿಮಿಷ ದಾಟಿತೋ, ಉಳಿದ ಪರೀಕ್ಷೆಗಳ ಮುಖ ನೋಡುವ ಹಾಗಿಲ್ಲ.

ಇದನ್ನೆಲ್ಲ ಕಲಿಸಬೇಕಾದ ವ್ಯಾಯಾಮದ ಮೇಷ್ಟ್ರು ಒಂಬತ್ತು ವರ್ಷದ ಹಿಂದೆ ನಿವೃತ್ತರಾದರು. ಆ ಕುರ್ಚಿಗೆ ಇವತ್ತು ಬರುತ್ತಾರೆ ನಾಳೆ ಬರುತ್ತಾರೆ ಎನ್ನುತ್ತಲೇ ಮೂವರು ಮುಖ್ಯೋಪಾಧ್ಯಾಯರು ಬಂದು ಹೋದರು.

"ಕೊನೇ ದಿನ ಸ್ಟಾಪ್‌ವಾಚ್ ನನ್ನ ಕೈಗೆ ಕೊಟ್ಟು, ಹೊಸಬರು ಬರೋ ತನಕ ಹಿಡ್ಕೊಂಡಿರಮ್ಮ ಅಂದ್ರು. ಟೀ ಕುಡಿಯೋಕೆ ಹೋಗೋವ್ರ ಥರ ಹೋದ್ರು. ನಾನು ಇನ್ನೂ ಹಿಡ್ಕೊಂಡೇ ಇದೀನಿ," ಎಂದು ಗೆರೆಯಮ್ಮ ನಗುತ್ತಾರೆ.

ಹಿಡಿದುಕೊಂಡು ಸುಮ್ಮನೆ ನಿಲ್ಲಲಿಲ್ಲ. ಪರೀಕ್ಷೆಯ ಪಟ್ಟಿಯನ್ನು ಪಂಪಿನ ಕೋಣೆಯ ಗೋಡೆಗೆ ಅಂಟಿಸಿದರು. ಸೈಕಲ್ ನಿಲ್ಲಿಸುವ ಕಡೆ ಅಡ್ಡಪಟ್ಟಿಗೆ ಜೋತುಬೀಳುವ ಮಕ್ಕಳ ಎಣಿಕೆ ಇವರದು. ಹೊಟ್ಟೆ ಕರಗಿಸುವ ಕಸರತ್ತಿಗೆ ಪಾದ ಅದುಮಿ ಹಿಡಿಯುವುದೂ ಇವರೇ. ಅರ್ಜಿಯ ನೋಟೀಸು ಬಂದರೆ ಕಚೇರಿಯಿಂದ ತಂದು ಅಂಟಿಸುವವರೂ ಇವರೇ. ಐದನೇ ತರಗತಿಗೆ ಬಿಟ್ಟ ಓದು, ಆದರೂ ಸಾಮಾನ್ಯ ಜ್ಞಾನದ ಪುಸ್ತಕ ಹಿಡಿದು ಅಕ್ಷರ ಕೂಡಿಸಿ ಕೂಡಿಸಿ ಪ್ರಶ್ನೆ ಕೇಳುತ್ತಾರೆ. "ನಾನು ಪ್ರಶ್ನೆ ಓದಿ ಮುಗಿಸೋದ್ರೊಳಗೆ ಅವ್ರು ಉತ್ತರ ಹೇಳಿದ್ರೆ ತಯಾರಾಗಿದಾರೆ ಅಂತ ಅರ್ಥ. ನನ್ನ ಓದು ಅಷ್ಟು ನಿಧಾನ." ಗಡಿಯಾರ ಇವರ ಕೈಗೆ ಬಂದ ಮೇಲೆ ಹನ್ನೊಂದು ಮಕ್ಕಳು ಪ್ರಯತ್ನಪಟ್ಟಿದ್ದಾರೆ, ನಾಲ್ವರು ಸೇರಿದ್ದಾರೆ. ಅವರಲ್ಲೊಬ್ಬ ರಜೆಗೆ ಬಂದಾಗ ಸಮವಸ್ತ್ರದಲ್ಲೇ ಮೈದಾನಕ್ಕೆ ಬಂದು ಇವರಿಗೆ ಸೆಲ್ಯೂಟ್ ಹೊಡೆದನಂತೆ. ಏನು ಮಾಡಬೇಕೆಂದು ತೋಚದೆ ಇವರೂ ಕೈ ಎತ್ತಿದರು. ಕೈಯಲ್ಲಿ ಡಬ್ಬಿಯಿತ್ತು. ಸುಣ್ಣವೆಲ್ಲ ತಲೆ ಮೇಲೆ.

ಹಲಗೆಯ ಮೇಲೆ ಗೆರೆಯಮ್ಮನ ಹೆಸರಿಲ್ಲ. ಇರಬೇಕಿತ್ತು ಎಂದು ಅವರಿಗೆ ಅನ್ನಿಸಿಯೂ ಇಲ್ಲ. ಅನ್ನಿಸಬೇಕಾದವರಿಗೆ ಅನ್ನಿಸಿಲ್ಲವಲ್ಲ, ಅದು ಬೇರೆ ಮಾತು.

ಇನ್ನು ಅವರು ಬರೆಯಲೇಬೇಕೆಂದು ಹಟ ಹಿಡಿದ ಭಾಗ.

ಈ ಕೆಲಸ ಮೊದಲು ಅವರ ಗಂಡನದು. ಮೈದಾನದಲ್ಲಿ ನಲವತ್ತು ಮೀಟರ್ ಅಂತರದಲ್ಲಿ ಎರಡು ಗೂಟ ಹೂತವರು ಅವರೇ. ಗೂಟಕ್ಕೆ ಹಗ್ಗ ಕಟ್ಟಿ, ಹಗ್ಗ ಬಿಗಿಯಾಗಿ ಹಿಡಿದು ಸುತ್ತು ಬಂದರೆ ತಿರುವಿನ ಗೆರೆ ತಾನಾಗಿ ಬೀಳುತ್ತದೆ. ಆ ಹಗ್ಗದ ಉದ್ದ ಹತ್ತೊಂಬತ್ತು ಮೀಟರ್ ಹತ್ತು ಸೆಂಟಿಮೀಟರ್ ಇದ್ದರೆ ಒಂದು ಸುತ್ತು ಸರಿಯಾಗಿ ಇನ್ನೂರು ಮೀಟರ್. ಗಂಡ ಭೂಮಾಪಕರೊಬ್ಬರನ್ನು ಕಾಡಿ ಬೇಡಿ ಅಳತೆಯ ಸರಪಳಿ ತಂದು, ಹಗ್ಗವನ್ನು ಅಳೆದು ಕತ್ತರಿಸಿ, ತುದಿಗೆ ಕೆಂಪು ಬಟ್ಟೆ ಸುತ್ತಿ ಹೊಲಿದಿದ್ದರು. ಎದೆನೋವೆಂದು ಕುಳಿತವರು ಮತ್ತೆ ಏಳಲಿಲ್ಲ. ಹೆಂಡತಿಗೆ ಅದೇ ಕೆಲಸ ಸಿಕ್ಕಿತು. ಕೆಲಸದ ಜೊತೆ ಹಗ್ಗವೂ ಬಂತು.

ನಾಲ್ಕು ವರ್ಷದ ಹಿಂದೆ ಹುಲ್ಲು ಕತ್ತರಿಸುವ ಯಂತ್ರ ಆ ಹಗ್ಗದ ಮೇಲೆ ಹರಿಯಿತು. ಹಗ್ಗ ನಡುವೆ ಕತ್ತರಿಸಿಹೋಯಿತು. ಬೇರೆ ಹಗ್ಗ ಕೇಳಿದ್ದರೆ ಸಿಗುತ್ತಿತ್ತು, ಗೆರೆಯಮ್ಮ ಕೇಳಲಿಲ್ಲ. ಎರಡೂ ತುಂಡುಗಳ ಬಿಚ್ಚಿಕೊಂಡ ಎಳೆಗಳನ್ನು ಕತ್ತರಿಸಿ, ತುದಿಗಳನ್ನು ಒಂದರ ಮೇಲೊಂದು ಇಟ್ಟು, ಜನ್ಮದಲ್ಲಿ ಸಡಿಲವಾಗದ ಹಾಗೆ ಎರಡೆರಡು ಗಂಟು ಬಿಗಿದರು.

"ಅವ್ರು ಅಳೆದ ಹಗ್ಗ ಅದು. ಬಿಸಾಕೋಕೆ ಮನಸ್ಸು ಬರ್ಲಿಲ್ಲ. ಗಂಟು ಹಾಕಿ ಎಳೆದು ನೋಡ್ದೆ, ಗಟ್ಟಿಯಾಗಿತ್ತು. ಗಟ್ಟಿಯಾಗಿದ್ಯಾ ಅಂತ ನೋಡ್ದೆ ಹೊರತು ಉದ್ದ ಎಷ್ಟಿದೆ ಅಂತ ನೋಡ್ಲಿಲ್ಲ. ಆ ಗಂಟು ಒಂದು ಮೊಳ ನುಂಗಿತ್ತು."

ತಿರುವು ಒಂದು ಮೊಳ ಒಳಕ್ಕೆ ಬಂತು. ಎರಡು ತಿರುವು ಸೇರಿ ಸುತ್ತಿಗೆ ಸುಮಾರು ಮೂರು ಮೀಟರ್ ಕಮ್ಮಿ. ಕಣ್ಣಿಗೆ ಗೊತ್ತಾಗುವ ವ್ಯತ್ಯಾಸವಲ್ಲ ಅದು. ಆ ಗೆರೆಯ ಮೇಲೆ ಓಡಿ ಅಕಾಡೆಮಿಗೆ ಹೋದ ಹುಡುಗನೊಬ್ಬನಿದ್ದಾನೆ; ಅವನಿಗೆ ಅರ್ಧ ನಿಮಿಷ ಕೈಯಲ್ಲೇ ಇತ್ತು, ಗಂಟು ಅವನ ತಂಟೆಗೆ ಹೋಗಲಿಲ್ಲ.

ಆಮೇಲೆ ಓಡಿದವಳು ಕಡ್ಡಿ. ಸಣಕಲಾಗಿದ್ದಳೆಂದು ಗೆಳತಿಯರು ಇಟ್ಟ ಹೆಸರು. ಇವತ್ತು ನೀಲಿ ಮೇಲಂಗಿಯಲ್ಲಿ ಟೇಪು ಹಿಡಿದವಳೇ ಅವಳು. ಲಾರಿ ಓಡಿಸುವ ಅಪ್ಪ, ಮನೆಯಲ್ಲೇ ಬಟ್ಟೆ ಹೊಲಿಯುವ ಅಮ್ಮ, ಒಬ್ಬಳು ತಂಗಿ. ಎರಡು ವರ್ಷ ಒಂದು ದಿನ ತಪ್ಪಿಸದೆ ಬೆಳಗ್ಗೆ ಐದೂಕಾಲಿಗೆ ಮೈದಾನದ ಗೇಟಿನ ಹೊರಗೆ ನಿಂತಿರುತ್ತಿದ್ದಳು. ಎಂಟು ಸುತ್ತು ಮುಗಿಸಿ, ಇನ್ನೂ ಹತ್ತು ಮಾರು ದೂರ ಇರುವಾಗಲೇ ಏದುಸಿರಿನಲ್ಲಿ ಕೂಗುತ್ತಿದ್ದಳು: "ಗೆರೆಯಮ್ಮಾ, ಎಷ್ಟು?" ಮೊದಲ ದಿನ ಒಂಬತ್ತು ನಿಮಿಷ. ಅಲ್ಲಿಂದ ಸೆಕೆಂಡು ಸೆಕೆಂಡು ಕಿತ್ತು ಕಿತ್ತು ಆರು ನಿಮಿಷ ಐವತ್ತೇಳಕ್ಕೆ ಇಳಿಸಿದಳು. ಅವತ್ತು ಇಬ್ಬರೂ ಪಂಪಿನ ಕೋಣೆಯ ಗೋಡೆಗೆ ಒರಗಿ ಕುಳಿತು ಹೊಟ್ಟೆ ಹುಣ್ಣಾಗುವಷ್ಟು ನಕ್ಕಿದ್ದರು. ಯಾಕೆ ನಕ್ಕರೆಂದು ಗೆರೆಯಮ್ಮನಿಗೆ ಈಗ ನೆನಪಿಲ್ಲ.

ಅಕಾಡೆಮಿಯ ಮೈದಾನದಲ್ಲಿ ಕಡ್ಡಿ ಏಳು ನಿಮಿಷ ಮೂರು ಸೆಕೆಂಡಿಗೆ ಮುಟ್ಟಿದಳು.

ಮೂರೇ ಮೂರು ಸೆಕೆಂಡು. ಅವಳು ಬಸ್ಸಿಳಿದು ಮನೆಗೂ ಹೋಗದೆ ಮೈದಾನಕ್ಕೆ ಬಂದಳು. "ಕೊನೇ ಸುತ್ತಲ್ಲಿ ಕಾಲು ಭಾರ ಆಯ್ತು ಗೆರೆಯಮ್ಮ. ನನಗೆ ಹೆದರಿಕೆ ಆಗಿರ್ಬೇಕು. ಅಪ್ಪ ಹೇಳಿದ್ದು ನಿಜ, ನಾನು ಇಲ್ಲಿ ಹುಲಿ, ಅಲ್ಲಿ ಇಲಿ," ಎಂದಳು. ಗೆರೆಯಮ್ಮ ಬೆನ್ನು ಸವರಿ, ಇನ್ನೊಂದು ಅವಕಾಶ ಇದೆಯಲ್ಲ ಎಂದರು. ಆರು ತಿಂಗಳ ನಂತರ ಮತ್ತೊಮ್ಮೆ ಪರೀಕ್ಷೆಯಿತ್ತು, ವಯಸ್ಸಿನ ಮಿತಿಯೊಳಗೆ ಅವಳಿಗೆ ಅದೇ ಕೊನೆಯದು. ಆದರೆ ಕಡ್ಡಿ ಓಡುವುದನ್ನೇ ಬಿಟ್ಟಳು. ಆಗದ ಕೆಲಸಕ್ಕೆ ಯಾಕೆ ಒದ್ದಾಡುವುದು ಎಂದು ಔಷಧಿ ಅಂಗಡಿ ಸೇರಿದಳು.

ಹೊಸ ವರ್ಷದ ತರಗತಿಗಳು ಶುರುವಾದಾಗ ಗಣಿತದ ಮೇಷ್ಟ್ರು ಸುತ್ತಳತೆಯ ಪಾಠಕ್ಕೆಂದು ಮಕ್ಕಳನ್ನು ಮೈದಾನಕ್ಕೆ ಕರೆತಂದರು. ಕೈಯಲ್ಲಿ ಉಕ್ಕಿನ ಟೇಪು. ಅಳೆದರು, ಕೂಡಿದರು, ತಲೆ ಕೆರೆದುಕೊಂಡರು. "ಏನಮ್ಮ ಇದು, ಸುತ್ತಿಗೆ ಹತ್ತಿರ ಹತ್ತಿರ ಮೂರು ಮೀಟರ್ ಕಮ್ಮಿ ಬರ್ತಿದೆ," ಎಂದು ನಗುತ್ತಾ ಹೇಳಿದರು. ಅವರಿಗೆ ಅದೊಂದು ತಮಾಷೆ. ಮಕ್ಕಳಿಗೂ ತಮಾಷೆಯೇ.

ಗೆರೆಯಮ್ಮ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಎಂಟು ಸುತ್ತಿಗೆ ಇಪ್ಪತ್ತಮೂರು ಮೀಟರ್. ಸಂಜೆ ಎಲ್ಲರೂ ಹೋದ ಮೇಲೆ ಒಬ್ಬರೇ ಗಡಿಯಾರ ಹಿಡಿದು ನಿಂತರು. ಕಡ್ಡಿಯ ವೇಗಕ್ಕೆ ಇಪ್ಪತ್ತಮೂರು ಮೀಟರ್ ಎಂದರೆ ಎಷ್ಟು ಹೊತ್ತು? ಆ ಓಟ ಅವರ ಕಣ್ಣಿಗೆ ಕಟ್ಟಿತ್ತು. ಕಣ್ಣು ಮುಚ್ಚಿ ಗುಂಡಿ ಒತ್ತಿದರು, ತೆರೆದು ಒತ್ತಿದರು. ಆರು ಸೆಕೆಂಡು. ಆರು ಐವತ್ತೇಳಕ್ಕೆ ಆರು ಸೇರಿಸಿದರೆ ಏಳು ನಿಮಿಷ ಮೂರು.

"ಅವ್ಳು ಹೆದರಿರ್ಲಿಲ್ಲ. ಕಾಲೂ ಭಾರ ಆಗಿರ್ಲಿಲ್ಲ. ಇಲ್ಲಿ ಹೇಗೆ ಓಡ್ತಿದ್ಳೋ ಅಲ್ಲೂ ಹಾಗೇ ಓಡಿದ್ಳು. ನಿಜ ಗೊತ್ತಿದ್ದಿದ್ರೆ ಇನ್ನೊಂದು ತಿಂಗಳಲ್ಲಿ ಆ ಮೂರು ಸೆಕೆಂಡನ್ನೂ ಕಿತ್ತು ಹಾಕ್ತಿದ್ಳು. ಅವ್ಳ ಹಟ ನನಗೆ ಗೊತ್ತಿಲ್ವಾ?"

ಅವರು ನೇರ ಮುಖ್ಯೋಪಾಧ್ಯಾಯರ ಬಳಿ ಹೋಗಿ ಹೇಳಿಕೊಂಡರು. ಆದದ್ದಾಯಿತು, ಗೆರೆ ಸರಿಮಾಡಿಕೊಳ್ಳಿ, ಊರೆಲ್ಲ ಹೇಳಿಕೊಂಡು ಶಾಲೆಯ ಹೆಸರು ಕೆಡಿಸಬೇಡಿ ಎಂದು ಅವರು ಕೈತೊಳೆದುಕೊಂಡರು. ದೊಡ್ಡವರ ಬಾಯಿಗೆ ಇಂಥ ಮಾತು ಎಷ್ಟು ಸಲೀಸಾಗಿ ಬರುತ್ತದೆ. ಆದರೆ ಗೆರೆಯಮ್ಮ ಅವರ ಹಿಂದೆ ಅವಿತುಕೊಳ್ಳಲು ತಯಾರಿಲ್ಲ. "ಅವ್ರು ಬೇಡ ಅಂದ್ರು ಅಂತ ನಾನು ಸುಮ್ನಿದ್ದಿದ್ದಲ್ಲ. ನನಗೇ ಹೇಳೋಕೆ ಧೈರ್ಯ ಇರ್ಲಿಲ್ಲ," ಎನ್ನುತ್ತಾರೆ.

ಎರಡನೇ ಪರೀಕ್ಷೆಯ ಅರ್ಜಿಗೆ ಇನ್ನೂ ಐದು ವಾರ ಬಾಕಿಯಿತ್ತು. ಕೊನೆಯ ದಿನಾಂಕದ ನೋಟೀಸನ್ನು ಪಂಪಿನ ಕೋಣೆಯ ಗೋಡೆಗೆ ಗೋಂದು ಹಚ್ಚಿ ಅಂಟಿಸಿದವರು ಗೆರೆಯಮ್ಮನೇ. ದಿನಾ ಪಂಪು ಹಾಕಲು ಹೋದಾಗ ಅದು ಕಣ್ಣಿಗೆ ಬೀಳುತ್ತಿತ್ತು. ಮೂರು ಸಲ ಔಷಧಿ ಅಂಗಡಿಗೆ ಹೋದರು. ಮಾತು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಕಡ್ಡಿ ತಲೆಯೆತ್ತಿ, ನಗುತ್ತಾ, "ಬನ್ನಿ ಗೆರೆಯಮ್ಮ, ಏನು ಬೇಕಿತ್ತು?" ಎನ್ನುತ್ತಿದ್ದಳು. ಮೂರು ಸಲವೂ ಇವರ ಬಾಯಿಂದ ಬಂದದ್ದು ಒಂದೇ: "ತಲೆನೋವಿಗೆ ಒಂದು ಹಾಳೆ ಮಾತ್ರೆ ಕೊಡು ಮಗಾ."

ಆ ಮೂರು ಹಾಳೆಗಳು ಅವರ ಮನೆಯ ಕಪಾಟಿನಲ್ಲಿ ಹಾಗೇ ಇವೆ. ಒಂದು ಮಾತ್ರೆಯನ್ನೂ ತೆಗೆದಿಲ್ಲ. ಕನ್ನಡಕ ತೆಗೆಯಲು ಕಪಾಟು ತೆರೆದಾಗಲೆಲ್ಲ ಕಾಣುತ್ತವೆ, ಎಸೆಯಲು ಕೈ ಬರುವುದಿಲ್ಲ.

ಹೇಳಿದ್ದು ಕೊನೆಯ ದಿನಾಂಕ ಕಳೆದು ಹನ್ನೊಂದು ದಿನಕ್ಕೆ. ಇನ್ನು ಹೇಳಿ ಏನೂ ಉಪಯೋಗವಿಲ್ಲ ಎಂದಾದ ಮೇಲೆ ಬಾಯಿಗೆ ಮಾತು ತಾನಾಗಿ ಬಂತು. ಮನುಷ್ಯರ ಧೈರ್ಯ ಇಷ್ಟೇ ನೋಡಿ. ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ಹಗ್ಗ, ಗಂಟು, ಮೂರು ಮೀಟರ್, ಆರು ಸೆಕೆಂಡು, ಎಲ್ಲವನ್ನೂ ನಿಂತಲ್ಲೇ ಹೇಳಿದರು. ಕಡ್ಡಿ ಔಷಧಿ ಡಬ್ಬಿಗಳನ್ನು ಸಾಲಾಗಿ ಜೋಡಿಸುತ್ತಲೇ ಕೇಳಿಸಿಕೊಂಡಳು.

"ಹಾಗಾದ್ರೆ ಅವತ್ತು ನನಗೆ ಹೆದರಿಕೆ ಆಗಿರ್ಲಿಲ್ವಾ?" ಎಂದು ಕೇಳಿದಳು.

"ಇಲ್ಲ ಮಗಾ. ನೀನು ಸರಿಯಾಗೇ ಓಡಿದ್ದೆ."

ಆ ಕ್ಷಣ ಅವಳ ಮುಖ ಅರಳಿತು ಎನ್ನುತ್ತಾರೆ ಗೆರೆಯಮ್ಮ. ಎರಡು ವರ್ಷ ದಿನಾ ಬೆಳಗ್ಗೆ ಕಂಡ ಮುಖ ಅದು. ಇನ್ನೇನು "ಎಷ್ಟು?" ಎಂದು ಕೇಳಿಯೇಬಿಡುತ್ತಾಳೆ ಅನ್ನುವಂತಿತ್ತು. ಕೇಳಿದ್ದು ಬೇರೆ.

"ನಿಮಗೆ ಇದು ಯಾವಾಗ ಗೊತ್ತಾಯ್ತು?"

"ಏಳು ವಾರ ಆಗ್ತಾ ಬಂತು."

"ಅರ್ಜಿಗೆ ಕೊನೇ ದಿನ ಯಾವತ್ತು ಅಂತ ಗೊತ್ತಿತ್ತಾ?"

"ಗೊತ್ತಿತ್ತು. ನೋಟೀಸ್ ಅಂಟಿಸಿದ್ದು ನಾನೇ."

ಕಡ್ಡಿ ಕೈಯಲ್ಲಿದ್ದ ಡಬ್ಬಿಯನ್ನು ಅದರ ಜಾಗದಲ್ಲಿಟ್ಟಳು. ಅಷ್ಟರಲ್ಲಿ ಗಿರಾಕಿಯೊಬ್ಬರು ಒಳಗೆ ಬಂದರು. ಅವಳು ಅವರ ಚೀಟಿ ಇಸಿದುಕೊಂಡು, ದಿನಕ್ಕೆರಡು, ಊಟ ಆದ ಮೇಲೆ ಎಂದು ವಿವರಿಸತೊಡಗಿದಳು. ಗೆರೆಯಮ್ಮ ಮೆಲ್ಲಗೆ ಹೊರಗೆ ಬಂದರು.

"ಗಂಟು ಹಾಕಿದ್ದು ತಪ್ಪೇ. ಆದ್ರೆ ಅದು ಗೊತ್ತಿಲ್ದೆ ಆದ ತಪ್ಪು. ಬಾಯಿ ಮುಚ್ಕೊಂಡಿದ್ದು ಗೊತ್ತಿದ್ದೂ ಮಾಡಿದ್ದು. ಅದನ್ನ ಅವ್ಳು ಯಾಕೆ ಹೊಟ್ಟೆಗೆ ಹಾಕ್ಕೋಬೇಕು? ನಾನಾಗಿದ್ರೂ ಹಾಕ್ಕೋತಿರ್ಲಿಲ್ಲ," ಎನ್ನುತ್ತಾರೆ. ಸೆರಗಿನಿಂದ ಡಬ್ಬಿಯ ಬಾಯಿ ಒರೆಸುತ್ತಾರೆ. ಒರೆಸುವಂಥದ್ದು ಅಲ್ಲಿ ಏನೂ ಇಲ್ಲ.

ಇದಾಗಿ ನಾಲ್ಕನೇ ದಿನ, ಸೋಮವಾರ ಬೆಳಗ್ಗೆ, ಗೇಟು ತೆರೆಯಲು ಬಂದಾಗ ಹೊರಗೆ ಕಡ್ಡಿ ನಿಂತಿದ್ದಳು. ಜೊತೆಯಲ್ಲಿ ಹೈಸ್ಕೂಲಿನಲ್ಲಿ ಓದುವ ತಂಗಿ. ಅವಳಿಗೂ ಅಕಾಡೆಮಿಯ ಹುಚ್ಚು; ಅಕ್ಕನ ಹಳೆಯ ಬೂಟಿನ ಮೂತಿಗೆ ಹತ್ತಿ ತುರುಕಿಕೊಂಡು ಬಂದಿದ್ದಳು. ಕಡ್ಡಿ ಗೆರೆಯಮ್ಮನ ಮುಖ ನೋಡದೆ, "ಟೇಪಿನ ಒಂದು ತುದಿ ನಾನು ಹಿಡೀತೀನಿ," ಎಂದಳು. ಮೇಷ್ಟ್ರ ಉಕ್ಕಿನ ಟೇಪು ಅಷ್ಟರಲ್ಲಾಗಲೇ ಪಂಪಿನ ಕೋಣೆಗೆ ಬಂದಿತ್ತು. ಅವತ್ತಿನಿಂದ ಇವತ್ತಿನವರೆಗೆ ಅವಳು ಒಂದು ಸೋಮವಾರವನ್ನೂ ತಪ್ಪಿಸಿಲ್ಲ. ಅಂಕಿ ಹೇಳುತ್ತಾಳೆ, ಗೆರೆಯಮ್ಮ ತಿರುಗಿ ಹೇಳುವ ತನಕ ಕಾಯುತ್ತಾಳೆ. ತಂಗಿ ಎಂಟು ಸುತ್ತು ಮುಗಿಸುವುದನ್ನು ಬೇಲಿಯ ಬದಿಯಲ್ಲಿ ನಿಂತು ನೋಡುತ್ತಾಳೆ, ಹೊರಟುಹೋಗುತ್ತಾಳೆ. ತಾನು ಮಾತ್ರ ಒಂದು ಹೆಜ್ಜೆಯೂ ಓಡಿಲ್ಲ.

"ನನ್ನ ಮೇಲೆ ನಂಬಿಕೆ ಇದೆ ಅಂತ ಬರೋದಲ್ಲ ಅವ್ಳು. ಇಲ್ಲ ಅಂತಾನೇ ಬರೋದು. ಇರ್ಲಿ. ಬರ್ತಾಳಲ್ಲ, ಅಷ್ಟು ಸಾಕು," ಎನ್ನುತ್ತಾರೆ ಗೆರೆಯಮ್ಮ.

ಹಳೆಯ ಹಗ್ಗ ಪಂಪಿನ ಕೋಣೆಯ ಮೊಳೆಗೆ ನೇತುಬಿದ್ದಿದೆ. ಗಂಟು ಗಂಟಾಗಿಯೇ ಇದೆ. ಕೆಂಪು ಬಟ್ಟೆ ಬಣ್ಣ ಕಳೆದುಕೊಂಡು ಇಟ್ಟಿಗೆಯಂತಾಗಿದೆ.

ಇವತ್ತೂ ತಂಗಿ ಓಡುತ್ತಿದ್ದಾಳೆ. ಹೊಸ ಸುಣ್ಣದ ಗೆರೆಯ ಪಕ್ಕ ಅವಳ ಬೂಟು ಟಪಟಪ ಬೀಳುತ್ತದೆ. ಗೆರೆಯಮ್ಮನ ಬಲಗೈಯಲ್ಲಿ ಗಡಿಯಾರ, ಎಡಗೈಯ ಬೆರಳುಗಳಲ್ಲಿ ಸುತ್ತಿನ ಎಣಿಕೆ. ಆರನೇ ಸುತ್ತಿನಲ್ಲಿ ಹುಡುಗಿಯ ತಲೆ ಪಕ್ಕಕ್ಕೆ ವಾಲುತ್ತದೆ. "ತಲೆ ನೇರ, ತಲೆ ನೇರ," ಎಂದು ಇವರು ಕೂಗುತ್ತಾರೆ. ಎಂಟನೆಯದು ಮುಗಿಯುತ್ತದೆ. ಹುಡುಗಿ ಮೊಣಕಾಲಿಗೆ ಕೈಕೊಟ್ಟು ಬಗ್ಗಿ ನಿಂತು, ಕಣ್ಣಲ್ಲೇ ಕೇಳುತ್ತಾಳೆ.

"ಏಳು ನಿಮಿಷ ಹನ್ನೊಂದು," ಎನ್ನುತ್ತಾರೆ ಗೆರೆಯಮ್ಮ.

ಹುಡುಗಿಯ ಮುಖ ಸಣ್ಣಗಾಗುತ್ತದೆ. ಒಂದೆರಡು ಸೆಕೆಂಡು ಕಮ್ಮಿ ಹೇಳಿದ್ದರೆ ಅವಳಿಗೆ ಉತ್ಸಾಹ ಬರುತ್ತಿತ್ತಲ್ಲವೇ ಎಂದು ಕೇಳಿದರೆ ಗೆರೆಯಮ್ಮ ತಲೆಯಾಡಿಸುತ್ತಾರೆ. "ಹನ್ನೊಂದು ಅಂದ್ರೆ ಹನ್ನೊಂದೇ. ಇವತ್ತು ಇಲ್ಲಿ ಅಳ್ಲಿ ಪರ್ವಾಗಿಲ್ಲ. ಅಲ್ಲಿ ಹೋಗಿ ಅಳಬಾರ್ದು."

ಬೇಲಿಯ ಬದಿಯಿಂದ ಕಡ್ಡಿ ಬರುತ್ತಾಳೆ. ತಂಗಿಯ ಬೆವರಿಗೆ ಟವೆಲು ಕೊಡುತ್ತಾಳೆ. ಗೆರೆಯಮ್ಮನ ಕೈಯಲ್ಲಿರುವ ಗಡಿಯಾರದ ಕಡೆ ಒಮ್ಮೆ ಕತ್ತು ಚಾಚಿ, ಅಂಕಿಯನ್ನು ತಾನೇ ಓದಿ ಖಾತ್ರಿ ಮಾಡಿಕೊಳ್ಳುತ್ತಾಳೆ. ಗೆರೆಯಮ್ಮ ಗಡಿಯಾರವನ್ನು ಅವಳಿಗೆ ಚೆನ್ನಾಗಿ ಕಾಣುವ ಹಾಗೆ ತಿರುಗಿಸಿ ಹಿಡಿಯುತ್ತಾರೆ. ಕಡ್ಡಿ ತಲೆಯಾಡಿಸಿ ಗೇಟಿನ ಕಡೆ ಹೊರಡುತ್ತಾಳೆ, ಅಂಗಡಿ ತೆರೆಯುವ ಹೊತ್ತಾಗಿದೆ.

ಮುಂದಿನ ವರ್ಷ ಗೆರೆಯಮ್ಮನಿಗೆ ನಿವೃತ್ತಿ. ಏನಾದರೂ ಆಸೆ ಉಳಿದಿದೆಯೇ ಎಂದರೆ ಅವರು ರಸ್ತೆಯ ಕಡೆ ತಿರುಗುತ್ತಾರೆ. ನೀಲಿ ಮೇಲಂಗಿ ರಸ್ತೆಯ ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಾರೆ. ಆಮೇಲೆ ಡಬ್ಬಿಗೆ ಸುಣ್ಣ ತುಂಬುತ್ತಾ ಹೇಳುತ್ತಾರೆ.

"ಈ ಗೆರೆ ಈಗ ಸರಿಯಾಗಿದೆ. ಇದರ ಮೇಲೆ ಅವ್ಳು ಒಂದು ಸಲ ಓಡ್ಬೇಕು. ಯಾವ ಪರೀಕ್ಷೆಗೂ ಅಲ್ಲ, ಸುಮ್ನೆ. ನಾನು ಟೈಮ್ ಹಿಡಿಯಲ್ಲ. ಗಡಿಯಾರ ಅವ್ಳೇ ಇಟ್ಕೊಳ್ಳಿ."